ಆಟಿ ತಿಂಗಳಿಗೆ ಕಾವೇರಿ ದಂಡೆಯ ಒಂದು ಹಳ್ಳಿ ಮನೆ: ತಂಜಾವೂರು ಕಡೆಯ ಹೋಂಸ್ಟೇ ಬಗ್ಗೆ

ತಂಜಾವೂರು ಕಡೆ ಹೋಗುವ ನಮ್ಮ ಕರಾವಳಿಯವರು ಹೆಚ್ಚಾಗಿ ಮಾಡುವುದು ಹೀಗೆ. ಒಂದು ಟೆಂಪೊ ಟ್ರಾವೆಲರ್ ಮಾತಾಡಿಕೊಂಡು ಶ್ರೀರಂಗ, ದೊಡ್ಡ ದೇವಸ್ಥಾನ, ಕುಂಭಕೋಣ, ಚಿದಂಬರ, ಆಮೇಲೆ ರಾಮೇಶ್ವರ ಅಂತ ಓಡುವುದು, ರಾತ್ರಿ ಲಾಡ್ಜಿನಲ್ಲಿ ಮಲಗುವುದು, ಬೆಳಿಗ್ಗೆ ಬೇಗ ಎದ್ದು ಮತ್ತೆ ಗಾಡಿ ಹತ್ತುವುದು. ದೇವರ ದರ್ಶನ ಆಗುತ್ತದೆ, ಊರು ಕಾಣುವುದಿಲ್ಲ. ಈ ಸಲ ನಮ್ಮ ತುಳು ತಿಂಗಳು ಆಟಿಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ತಿರುವಯ್ಯಾರಿನ ಹತ್ತಿರದ ಒಂದು ಹಳ್ಳಿಯಲ್ಲಿ, ರೈತರೊಬ್ಬರ ಮನೆಯ ಹೋಂಸ್ಟೇಯಲ್ಲಿ ಉಳಿದು ಬಂದೆವು. ಉಡುಪಿಗೆ ವಾಪಸ್ ಬಂದ ಮೇಲೆ ಸಿಕ್ಕಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ, ಹಾಗಾಗಿ ಒಂದೇ ಸಲ ಬರೆದು ಬಿಡುತ್ತೇನೆ.

ಮನೆಯ ಹೆಸರು, ನಂಬರ್ ಇಲ್ಲಿ ಹಾಕಿಲ್ಲ. ಅವರ ಹತ್ತಿರ ಇರುವುದು ಎರಡೇ ಕೋಣೆ, ಬೋರ್ಡೂ ಇಲ್ಲ, ಎಲ್ಲ ಕಡೆ ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ನಿಜವಾಗಿ ಹೋಗುವ ಮನಸ್ಸಿದ್ದವರು ನನ್ನನ್ನು ಕೇಳಿ, ಅವರ ಮಗನಿಗೆ ಹೇಳುತ್ತೇನೆ.

ಮೊದಲು ಯಾಕೆ ಆಟಿ ಅಂತ ಹೇಳಬೇಕು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ನಮ್ಮಲ್ಲಿ ಏನೂ ನಡೆಯುವುದಿಲ್ಲ, ಅಲ್ವಾ? ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಕ್ಷಗಾನ ಮೇಳದ ಆಟ ಇಲ್ಲ, ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಹೊರಗೆ ಬಿಡದೆ ಮಳೆ. ತಮಿಳುನಾಡಿನಲ್ಲಿ ಅದೇ ತಿಂಗಳಿಗೆ ಆಡಿ ಅನ್ನುತ್ತಾರೆ. ಅಲ್ಲಿಯೂ ಆ ತಿಂಗಳು ಮದುವೆ ಮಾಡುವುದಿಲ್ಲ. ಹೊಸ ಮದುಮಗಳು ತವರಿಗೆ ಹೋಗುವುದು ಇಲ್ಲಿಯ ಹಾಗೆಯೇ ಅಲ್ಲಿಯೂ ಉಂಟು. ಆದರೆ ಕಾವೇರಿ ಬಯಲಿನಲ್ಲಿ ಆ ತಿಂಗಳು ಸುಮ್ಮನೆ ಕೂರುವ ತಿಂಗಳಲ್ಲ. ಹೊಳೆಗೆ ನೀರು ಬಂದಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಆಡಿ ಹದಿನೆಂಟಕ್ಕೆ ಹೊಳೆಗೆ ಪೂಜೆ ನಡೆಯುತ್ತದೆ. ನಮಗೆ ಬಿಡುವಿದ್ದಾಗ ಅವರಿಗೆ ಹಬ್ಬ. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ನನಗೆ ಗೊತ್ತಿಲ್ಲ.

ಹೋಗುವ ದಾರಿಯೂ ಕಷ್ಟದ್ದಲ್ಲ. ಮಂಗಳೂರು ಸೆಂಟ್ರಲ್‌ನಿಂದ ಬೆಳಿಗ್ಗೆ ಹೊರಡುವ ಚೆನ್ನೈ ಎಗ್ಮೋರ್ ರೈಲು ಕೋಝಿಕ್ಕೋಡು, ಪಾಲಕ್ಕಾಡು, ಕೊಯಮತ್ತೂರು, ಈರೋಡು ದಾಟಿ ರಾತ್ರಿ ತಿರುಚ್ಚಿಗೆ ಮುಟ್ಟಿಸುತ್ತದೆ. ಉಡುಪಿಯವರು ಮೊದಲು ಮಂಗಳೂರಿಗೆ ಬರಬೇಕು, ಅಷ್ಟೇ. ಇಡೀ ದಿನ ರೈಲಿನಲ್ಲಿ ಕೂರಬೇಕಾಗುತ್ತದೆ, ಆದರೆ ಮಳೆಗಾಲದಲ್ಲಿ ಕೂತು ನೋಡಬೇಕಾದ ದಾರಿ ಇದು. ಕೇರಳ ಇಡೀ ಕಿಟಕಿಗೆ ಮಳೆ ಬಡಿಯುತ್ತಿತ್ತು. ಪಾಲಕ್ಕಾಡಿನ ಕಣಿವೆ ದಾಟಿದ ಮೇಲೆ ಮಳೆ ನಿಂತಿತು, ಗಾಳಿ ಮಾತ್ರ ಉಳಿಯಿತು. ಕೊಯಮತ್ತೂರಿಗೆ ಬರುವಾಗ ನೆಲವೇ ಒಣಗಿತ್ತು. ಉಡುಪಿ ಕಡೆ ವರ್ಷಕ್ಕೆ 4000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ತಂಜಾವೂರು ಕಡೆ ಸುಮಾರು 1000. ಅದರಲ್ಲೂ ಹೆಚ್ಚಿನದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಆಟಿಯಲ್ಲಿ ಅಲ್ಲಿ ಕೊಡೆ ಬೇಕಾಗುವುದು ಬಿಸಿಲಿಗೆ.

ತಿರುಚ್ಚಿಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ತಂಜಾವೂರಿಗೆ ಹೋಗಿ ಅಲ್ಲಿಂದ ತಿರುವಯ್ಯಾರು. ತಂಜಾವೂರಿನಿಂದ ತಿರುವಯ್ಯಾರಿಗೆ ಬರೇ 13 ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಒಂದರ ಹಿಂದೆ ಒಂದು ಹೊಳೆ ದಾಟುತ್ತೀರಿ. ವಡವಾರು, ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಕೊನೆಗೆ ಕಾವೇರಿ. ಅಮ್ಮ ಪ್ರತಿ ಸೇತುವೆಯಲ್ಲೂ ಕೈ ಮುಗಿಯುತ್ತಾ ಬಂದರು. ಸ್ಟೇಷನ್ ಹೊರಗೆ ಸಿಕ್ಕ ಕಾರಿನವರು ಒಪ್ಪಿದ್ದಕ್ಕಿಂತ ಜಾಸ್ತಿ ಕೇಳಿ ಸ್ವಲ್ಪ ಬೇಜಾರು ಮಾಡಿದರು. ನೀವು ಮೊದಲೇ ಮನೆಯವರಿಗೆ ಹೇಳಿದರೆ ಅವರ ಊರಿನ ಆಟೋ ಕಳಿಸುತ್ತಾರೆ, ಅದೇ ಒಳ್ಳೆಯದು.

ಇನ್ನು ಮನೆ. ತಿರುವಯ್ಯಾರಿನಿಂದ ಕುಂಭಕೋಣದ ಕಡೆಗೆ ಕಾವೇರಿಗೆ ಒತ್ತಿಕೊಂಡೇ ಒಂದು ರಸ್ತೆ ಹೋಗುತ್ತದೆ, ಅದರ ಬದಿಯ ಊರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಣ್ಣು ಮುಟ್ಟುವ ತನಕ ಗದ್ದೆ. ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ಸಾಲಾಗಿ ನಿಂತಿವೆ. ನಮ್ಮ ಕಡೆ ಗದ್ದೆಗೊಂದು ಮನೆ, ತೋಟಕ್ಕೊಂದು ಮನೆ ಅಂತ ಚದುರಿಕೊಂಡಿರುವುದನ್ನು ನೋಡಿದವರಿಗೆ ಇದು ಮೊದಲಿಗೆ ಇಕ್ಕಟ್ಟು ಅನ್ನಿಸಬಹುದು. ಆದರೆ ಬಾಗಿಲು ದಾಟಿದರೆ ಮನೆ ಹಿಂದೆ ಹಿಂದೆ ಹೋಗುತ್ತಲೇ ಇರುತ್ತದೆ. ಮುಂದೆ ಮರದ ಕಂಬದ ಜಗಲಿ, ಅದಕ್ಕೆ ಅವರು ತಿಣ್ಣೈ ಅನ್ನುತ್ತಾರೆ. ಆಮೇಲೆ ಒಂದು ಉದ್ದದ ನಡೆ, ಒಳಗೆ ಆಕಾಶ ಕಾಣುವ ತೊಟ್ಟಿ, ಸುತ್ತ ಕೋಣೆ, ಹಿಂದೆ ಅಡುಗೆಮನೆ, ಬಾವಿ, ಹಟ್ಟಿ, ಬಾಳೆ ಹಿತ್ತಿಲು. ಮೇಲೆ ಸಣ್ಣ ನಾಡಹೆಂಚು, ಕೆಳಗೆ ಕೆಂಪು ಗಾರೆ ನೆಲ. ಆ ನೆಲದ ಮೇಲೆ ಮಧ್ಯಾಹ್ನ ಚಾಪೆ ಕೂಡ ಇಲ್ಲದೆ ಮಲಗಬಹುದು, ಅಷ್ಟು ತಂಪು. ನಮ್ಮ ಗುತ್ತಿನ ಮನೆಗಳ, ಅಂದರೆ ಹಿರಿಯ ಮನೆತನಗಳ ಹಳೇ ಮನೆಗಳ, ಚಾವಡಿ ನೋಡಿದವರಿಗೆ ಈ ಮನೆಯ ಮರ್ಯಾದೆ ಬೇಗ ಅರ್ಥವಾಗುತ್ತದೆ.

ಕೊಡುವ ಎರಡು ಕೋಣೆಗಳು ತೊಟ್ಟಿಯ ಪಕ್ಕದಲ್ಲಿವೆ. ಮಂಚ, ಹತ್ತಿಯ ಹಾಸಿಗೆ, ಸೊಳ್ಳೆ ಪರದೆ, ಫ್ಯಾನ್, ಒಂದು ಮರದ ಬೀರು. ಎಸಿ ಇಲ್ಲ, ಟಿವಿ ಇಲ್ಲ. ಒಂದು ಕೋಣೆಗೆ ಮಾತ್ರ ಒಳಗೇ ಬಾತ್‌ರೂಮ್ ಉಂಟು, ಅದರಲ್ಲಿ ಕಮೋಡ್ ಹಾಕಿಸಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು, ಹಾಗಾಗಿ ಆ ಕೋಣೆ ಅವರಿಗೆ. ನಮ್ಮದಕ್ಕೆ ಹಿತ್ತಿಲಿಗೆ ನಡೆದು ಹೋಗಬೇಕು. ರಾತ್ರಿ ಟಾರ್ಚ್ ಹಿಡಿದು ಬಾವಿಕಟ್ಟೆ ದಾಟಿ ಹೋಗುವುದು ಎಲ್ಲರಿಗೂ ಹಿಡಿಸಲಿಕ್ಕಿಲ್ಲ, ಮೊದಲೇ ತಿಳಿದಿರಲಿ. ಎಲ್ಲ ಚೊಕ್ಕವಾಗಿತ್ತು ಅಂತ ಮಾತ್ರ ಖಂಡಿತ ಹೇಳುತ್ತೇನೆ. ಹಾಸಿಗೆ ಬಟ್ಟೆಗೆ ಬಿಸಿಲಿನ ವಾಸನೆ ಇತ್ತು. ಆಟಿಯಲ್ಲಿ ಬಟ್ಟೆ ಒಣಗದೆ ಮುಗ್ಗಲು ಹಿಡಿಯುವ ನಮ್ಮ ಊರಿನಿಂದ ಹೋದವರಿಗೆ ಅದೇ ಒಂದು ಸುಖ.

ಈ ಮನೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ವಿಷಯ ಒಂದುಂಟು. ನಾವು ಬಂದೆವು ಅಂತ ಅವರು ತಮ್ಮ ಕೆಲಸ ನಿಲ್ಲಿಸಲಿಲ್ಲ. ಬೆಳಿಗ್ಗೆ ಮನೆಯ ಯಜಮಾನರು, ನಾವು ಅಯ್ಯಾ ಅನ್ನುತ್ತಿದ್ದೆವು, ಗದ್ದೆಗೆ ನೀರು ತಿರುಗಿಸಲು ಹೋಗುತ್ತಾರೆ. ಬೇಕಾದರೆ ನೀವೂ ಹಿಂದೆ ಹೋಗಬಹುದು, ಬೇಡದಿದ್ದರೆ ಜಗಲಿಯಲ್ಲಿ ಕೂತಿರಬಹುದು, ಯಾರೂ ಏನೂ ಕೇಳುವುದಿಲ್ಲ. ಮನೆಯ ಅಮ್ಮ ಸೊಪ್ಪು ಬಿಡಿಸುತ್ತಾ ಕೂತರೆ ನಮ್ಮ ಅಮ್ಮ ಹೋಗಿ ಪಕ್ಕದಲ್ಲಿ ಕೂತರು. ಒಬ್ಬರಿಗೆ ತಮಿಳು, ಇನ್ನೊಬ್ಬರಿಗೆ ತುಳು ಕನ್ನಡ. ಆದರೂ ಮಾತು ನಿಲ್ಲಲಿಲ್ಲ. ಅವರು ಕೆಸುವಿನ ಗಡ್ಡೆ ಹುರಿಯುತ್ತಿದ್ದರು, ಅಮ್ಮ ಅದರ ಎಲೆಯಲ್ಲಿ ಪತ್ರೊಡೆ ಮಾಡುವುದು ಹೇಗೆ ಅಂತ ಕೈಯಲ್ಲೇ ಸುತ್ತಿ ತೋರಿಸಿದರು. "ಅಕ್ಕಾ, ಗಂಟಲು ತುರಿಸುವುದಿಲ್ಲವಾ?" ಅಂತ ಅವರು, "ಹುಳಿ ಹಾಕಬೇಕು ಅಮ್ಮಾ, ಹುಣಸೆಹುಳಿ ಸರಿಯಾಗಿ ಹಾಕಿದರೆ ಏನೂ ಆಗುವುದಿಲ್ಲ" ಅಂತ ಇವರು. ಇದನ್ನೆಲ್ಲ ಯಾರೂ ಏರ್ಪಾಡು ಮಾಡಿದ್ದಲ್ಲ.

ಈಗ ನಮ್ಮ ಕಡೆಯ ಎಷ್ಟೋ ಹೋಂಸ್ಟೇಗಳನ್ನು ನೋಡಿ. ಘಟ್ಟದ ಮೇಲೆ ಹೋದರೆ ಕ್ಯಾಂಪ್‌ಫೈರ್, ದೊಡ್ಡ ಸ್ಪೀಕರ್, ಒಂದು ನೀಲಿ ಈಜುಕೊಳ, ಬಫೆಯಲ್ಲಿ ಗೋಬಿ ಮಂಚೂರಿ. ಮನೆಯವರು ಬೇರೆ ಕಡೆ ಇರುತ್ತಾರೆ, ನಮ್ಮನ್ನು ನೋಡಿಕೊಳ್ಳಲು ಕೆಲಸದ ಹುಡುಗರು. ಅದು ಬೇಕಾದವರಿಗೆ ಅದೂ ಸರಿಯೇ. ಆದರೆ ಅದಕ್ಕೆ ಮನೆ ಅನ್ನುವ ಹೆಸರು ಯಾಕೆ? ಮನೆಯಲ್ಲಿ ಉಳಿಯುವುದು ಅಂದರೆ ಆ ಮನೆಯ ದಿನಚರಿಯ ಪಕ್ಕದಲ್ಲಿ ಒಂದು ಜಾಗ ಸಿಗುವುದು ಅಂತ ನಾನು ತಿಳಿದಿದ್ದೇನೆ. ಈ ತಂಜಾವೂರಿನ ಮನೆಯಲ್ಲಿ ಸಿಕ್ಕಿದ್ದು ಅದೇ.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕರಾವಳಿಯ ನಾಲಿಗೆಗೆ ಇಲ್ಲಿ ಕೆಲವು ವಿಷಯ ಹೊಸದು. ಮೊದಲನೆಯದು ಎಣ್ಣೆ. ಇವರದ್ದು ಎಳ್ಳೆಣ್ಣೆ, ಎಲ್ಲದಕ್ಕೂ ಅದೇ. ತೆಂಗಿನೆಣ್ಣೆಯಲ್ಲಿ ಬೆಳೆದ ನಮಗೆ ಮೊದಲ ಊಟದಲ್ಲಿ ಅದು ಭಾರ ಅನ್ನಿಸಿತು, ಆಮೇಲೆ ರುಚಿ ಹತ್ತಿತು. ಎರಡನೆಯದು, ಸಾಂಬಾರಿಗೆ ಬೆಲ್ಲ ಇಲ್ಲ. ಉಡುಪಿ ಸಾಂಬಾರಿನ ಸಿಹಿ ಹುಡುಕಬೇಡಿ. ಅವರು ಕೊತ್ತಂಬರಿ, ಕಡಲೆಬೇಳೆ, ಮೆಣಸು, ಸ್ವಲ್ಪ ತೆಂಗಿನಕಾಯಿ ಹುರಿದು ಅರೆದು ಹಾಕುತ್ತಾರೆ. ಹುಳಿ ಮುಂದೆ, ಖಾರ ಹಿಂದೆ. ಮೂರನೆಯದು ಅನ್ನ. ಬಿಳಿ, ಸಣ್ಣ, ಮೆತ್ತಗಿನ ಪೊನ್ನಿ ಅಕ್ಕಿ. ಕುಚ್ಚಲಕ್ಕಿ ತಿನ್ನುವವರಿಗೆ ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ, ನನಗೂ ಆಗಲಿಲ್ಲ. ಅಮ್ಮ ಎರಡನೇ ದಿನ ಗಂಜಿ ಕೇಳಿದರು. ಅವರು ಹಿಂದಿನ ರಾತ್ರಿ ನೀರಲ್ಲಿ ಹಾಕಿಟ್ಟ ಅನ್ನಕ್ಕೆ ಮಜ್ಜಿಗೆ, ಉಪ್ಪು ಬೆರೆಸಿ, ಸಣ್ಣ ಈರುಳ್ಳಿ, ಕರಿದ ಮಜ್ಜಿಗೆಮೆಣಸು ಇಟ್ಟು ಕೊಟ್ಟರು. ಆ ಬಿಸಿಲಿಗೆ ಅದರಷ್ಟು ಹಿತವಾದ ತಿಂಡಿ ಇನ್ನೊಂದಿಲ್ಲ. ಇದನ್ನು ಹೋಂಸ್ಟೇಯವರು ಅತಿಥಿಗಳಿಗೆ ಕೊಡಲು ಸಂಕೋಚಪಡುತ್ತಾರೆ, ಕೇಳಿದರೆ ಮಾತ್ರ ಸಿಗುತ್ತದೆ. ದಯವಿಟ್ಟು ಕೇಳಿ.

ಬೆಳಿಗ್ಗೆ ಇಡ್ಲಿಗೆ ಕಡಪ್ಪ ಅಂತ ಒಂದು ಮಾಡುತ್ತಾರೆ. ಹೆಸರುಬೇಳೆ, ಆಲೂಗಡ್ಡೆ, ತೆಂಗಿನಕಾಯಿ, ಸೋಂಪು, ಗಸಗಸೆ ಹಾಕಿದ ಗಸಿಯಂಥ ಪದಾರ್ಥ. ಕುಂಭಕೋಣ, ತಂಜಾವೂರು ಕಡೆಯದ್ದೇ ಇದು, ಬೇರೆ ಕಡೆ ನಾನು ಕಂಡಿಲ್ಲ. ನನ್ನ ಹೆಂಡತಿ ಅದನ್ನು ಬರೆದುಕೊಂಡು ಬಂದಿದ್ದಾಳೆ, ಮನೆಯಲ್ಲಿ ನೀರುದೋಸೆಗೂ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಬಾಳೆಲೆ ಊಟ. ಒಣಗಿಸಿದ ಸುಂಡೆಕಾಯಿಯ ವತ್ತಕುಳಂಬು, ಮಸೆದ ಸೊಪ್ಪು, ಕೂಟು, ಹಪ್ಪಳ, ದಪ್ಪ ಮೊಸರು. ವತ್ತಕುಳಂಬಿಗೆ ಅನ್ನದ ಮೇಲೆ ಒಂದು ಚಮಚ ಎಳ್ಳೆಣ್ಣೆ ಹಾಕಿಕೊಂಡು ಕಲಸಬೇಕು, ಅಯ್ಯಾ ನಮ್ಮ ಎಲೆಗೆ ತಾವೇ ಹಾಕಿ ತೋರಿಸಿದರು. ಕಾಫಿ ಹೇಳುವುದೇ ಬೇಡ. ಹಟ್ಟಿಯ ಹಾಲು, ಗಟ್ಟಿ ಡಿಕಾಕ್ಷನ್, ಹಿತ್ತಾಳೆ ಲೋಟ.

ಮೀನು? ನಮ್ಮವರು ಮೊದಲು ಕೇಳುವುದು ಅದನ್ನೇ. ಹೇಳಿದರೆ ಮಾಡಿಕೊಡುತ್ತಾರೆ. ಹೊಳೆ, ಕೆರೆಯ ಮೀನು. ವಿರಾಲ್ ಅಂತ ಉದ್ದನೆಯ ಮೀನನ್ನು ಮಣ್ಣಿನ ಚಟ್ಟಿಯಲ್ಲಿ ಹುಣಸೆಹುಳಿ, ಸಣ್ಣ ಈರುಳ್ಳಿ, ಟೊಮೆಟೊ, ಎಳ್ಳೆಣ್ಣೆ ಹಾಕಿ ಬೇಯಿಸಿದ್ದರು. ಬಂಗುಡೆ ಪುಳಿಮುಂಚಿ ಮನಸ್ಸಿನಲ್ಲಿಟ್ಟುಕೊಂಡು ತಿನ್ನಬೇಡಿ. ಇದಕ್ಕೆ ಕಡಲಿನ ಉಪ್ಪಿನ ಗುಣ ಇಲ್ಲ, ಮಾಂಸ ಗಟ್ಟಿ, ಸಾರು ಮಾತ್ರ ಎರಡನೇ ದಿನಕ್ಕೆ ಅದ್ಭುತ. ಮಂಗಳವಾರ, ಶುಕ್ರವಾರ ಆ ಮನೆಯಲ್ಲಿ ಮೀನು ಮಾಡುವುದಿಲ್ಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದ ಪುರಟ್ಟಾಸಿ ತಿಂಗಳಿಡೀ ಮಾಡುವುದಿಲ್ಲ. ಆಗ ಹೋಗಿ ಬೇಸರ ಮಾಡಿಕೊಳ್ಳಬೇಡಿ.

ಗದ್ದೆಗೆ ನಾನು ದಿನವೂ ಅಯ್ಯಾ ಜೊತೆ ಹೋದೆ. ಅವರದ್ದು ಕಾಲುವೆ ನೀರಿನ ಬೇಸಾಯ. ಮೆಟ್ಟೂರು ಅಣೆಕಟ್ಟು 1934ರದ್ದು, ಅದರ ಬಾಗಿಲು ಜೂನ್ 12ಕ್ಕೆ ತೆರೆಯುವುದು ವಾಡಿಕೆ. ನೀರಿಲ್ಲದ ವರ್ಷ ಆ ದಿನ ತಪ್ಪುತ್ತದೆ, ಆಗ ಇಡೀ ಬಯಲಿನ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಏಣೆಲು, ಸುಗ್ಗಿ, ಕೊಳಕೆ ಇದ್ದ ಹಾಗೆ ಇವರಿಗೆ ಕುರುವೈ, ಸಾಂಬಾ, ತಾಳಡಿ. ನಾವು ಹೋದಾಗ ಕುರುವೈ ಪೈರು ಮೊಣಕಾಲೆತ್ತರ ಇತ್ತು, ಪಕ್ಕದ ಗದ್ದೆಯನ್ನು ಸಾಂಬಾಗೆ ಹದ ಮಾಡುತ್ತಿದ್ದರು. ನಾನು ನಮ್ಮ ಮೂರು ಬೆಳೆಯ ಹೆಸರು ಹೇಳಿದೆ. ಅವರು, "ಈಗಲೂ ಮೂರೂ ಬೆಳೆಯುತ್ತೀರಾ?" ಅಂತ ಕೇಳಿದರು. ನಮ್ಮ ಬೈಲಿನಲ್ಲಿ ಎಷ್ಟು ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ ಅಂತ ಹೇಳಲು ನನಗೆ ನಿಜವಾಗಿ ಸಂಕಟವಾಯಿತು. ಬಿಸಿಲಲ್ಲಿ ಗದ್ದೆಯ ಬದು, ಅಂದರೆ ಕಟ್ಟಪುಣಿಯ ಮೇಲೆ ನಿಂತುಕೊಂಡೇ ಆಳಿನ ಕೊರತೆ, ನವಿಲು ಹಂದಿ ಕಾಟ, ಯಂತ್ರ ಇಳಿಯದ ಸಣ್ಣ ಗದ್ದೆ ಎಲ್ಲ ವಿವರಿಸಿದೆ. ಅವರಿಗೂ ಆಳು ಸಿಗುವುದಿಲ್ಲವಂತೆ, ಆದರೆ ಅವರ ಗದ್ದೆ ಸಮತಟ್ಟು, ನಾಟಿಗೂ ಕಟಾವಿಗೂ ಯಂತ್ರ ಇಳಿಯುತ್ತದೆ.

ಕಾವೇರಿ ನೀರಿನ ಜಗಳದ ವಿಷಯ ಬರುತ್ತದಾ ಅಂತ ಕೆಲವರು ಕೇಳಿದರು. ಬರುತ್ತದೆ, ಹೆದರಬೇಕಾಗಿಲ್ಲ. ಕರ್ನಾಟಕದವರು ಅಂತ ಗೊತ್ತಾದ ಕೂಡಲೇ ಅಯ್ಯಾ ಕೇಳಿದ ಮೊದಲ ಪ್ರಶ್ನೆ, "ಕೊಡಗಿನಲ್ಲಿ ಮಳೆ ಹೇಗಿದೆ?" ದಿನಾ ಬೆಳಿಗ್ಗೆ ಪೇಪರಿನಲ್ಲಿ ಮೆಟ್ಟೂರು ಎಷ್ಟು ಅಡಿ, ಕೆ.ಆರ್.ಎಸ್. ಎಷ್ಟು ಅಡಿ, ಕಬಿನಿ ಎಷ್ಟು ಅಂತ ನೋಡುತ್ತಾರೆ. 120 ಅಡಿ ತುಂಬಿದರೆ ಮೆಟ್ಟೂರು ಭರ್ತಿ, 124.80 ತುಂಬಿದರೆ ಕೆ.ಆರ್.ಎಸ್. ಭರ್ತಿ, ಈ ಎರಡೂ ಅವರಿಗೆ ಬಾಯಿಪಾಠ. ನಾನು ಸುಳ್ಯದ ದಾರಿಯಲ್ಲಿ ತಲಕಾವೇರಿಗೆ ಹೋಗಿದ್ದನ್ನು ಹೇಳಿ ಮೊಬೈಲಿನಲ್ಲಿ ಕಾವೇರಿ ಹುಟ್ಟುವ ಕುಂಡಿಕೆಯ ಫೋಟೊ ತೋರಿಸಿದೆ. ಅವರು ಫೋಟೊ ದೊಡ್ಡ ಮಾಡಿ ತುಂಬ ಹೊತ್ತು ನೋಡಿದರು, ಹೆಂಡತಿಯನ್ನು ಕರೆದು ತೋರಿಸಿದರು, ಪಕ್ಕದ ಮನೆಯವರನ್ನೂ ಕರೆದರು. ಅದೇ ಘಟ್ಟದಲ್ಲಿ ಈಚೆ ಬಿದ್ದ ಮಳೆ ಕುಮಾರಧಾರ, ನೇತ್ರಾವತಿ ಸೇರಿ ನಮ್ಮ ಕಡಲಿಗೆ ಬರುತ್ತದೆ, ಆಚೆ ಬಿದ್ದದ್ದು ನೂರಾರು ಕಿಲೋಮೀಟರ್ ಹರಿದು ಇವರ ಗದ್ದೆಗೆ ಬರುತ್ತದೆ. ಪೇಪರಿನ ಕಾವೇರಿ ಬೇರೆ, ಈ ಜಗಲಿಯಲ್ಲಿ ಕೂತು ಮಾತಾಡುವ ಕಾವೇರಿ ಬೇರೆ ಅಂತ ನನಗೆ ಅಲ್ಲಿ ಗೊತ್ತಾಯಿತು.

ಆಡಿ ಹದಿನೆಂಟು ಆಗಸ್ಟ್ 2 ಅಥವಾ 3ಕ್ಕೆ ಬರುತ್ತದೆ. ಸಾಧ್ಯವಾದರೆ ಅದನ್ನು ಸೇರಿಸಿಕೊಂಡೇ ಹೋಗಿ. ತಿರುವಯ್ಯಾರಿನ ಪುಷ್ಯ ಮಂಟಪದ ಸ್ನಾನಘಟ್ಟದಲ್ಲಿ ಜನಜಂಗುಳಿ ಇರುತ್ತದೆ. ನಾವು ಊರಿನದ್ದೇ ಸಣ್ಣ ಘಟ್ಟಕ್ಕೆ ಹೋದೆವು. ಹೆಂಗಸರು ಮೆಟ್ಟಿಲ ಮೇಲೆ ಬಾಳೆಲೆ ಹಾಸಿ, ಅರಶಿನದ ಪಿಳ್ಳೈಯಾರ್, ಅಂದರೆ ಗಣಪತಿ, ಇಟ್ಟು, ಹೂ, ಹಣ್ಣು, ಬೆಲ್ಲ ಬೆರೆಸಿದ ನೆನೆ ಅಕ್ಕಿ, ತಾಳೆಗರಿಯ ಓಲೆ, ಕರಿಮಣಿ ಎಲ್ಲ ಹೊಳೆಗೆ ಬಾಗಿನದ ಹಾಗೆ ಕೊಡುತ್ತಾರೆ. ಆಮೇಲೆ ಒಬ್ಬರಿಗೊಬ್ಬರು ಅರಶಿನದ ದಾರ ಕಟ್ಟುತ್ತಾರೆ. ಮನೆಯ ಅಮ್ಮ ನಮ್ಮ ಅಮ್ಮನಿಗೂ ನನ್ನ ಹೆಂಡತಿಗೂ ಕಟ್ಟಿದರು. ಹೊಸ ಜೋಡಿಗಳು ಮದುವೆಯ ಹಾರವನ್ನು ಇಷ್ಟು ತಿಂಗಳು ತೆಗೆದಿಟ್ಟು ಆ ದಿನ ತಂದು ಹೊಳೆಗೆ ಬಿಡುತ್ತಾರೆ. ಮಕ್ಕಳು ಬಣ್ಣದ ಕಾಗದ ಅಂಟಿಸಿದ ಸಣ್ಣ ಮರದ ತೇರು ಎಳೆದುಕೊಂಡು ಓಡುತ್ತಾರೆ. ಕೊನೆಗೆ ದಂಡೆಯಲ್ಲೇ ಊಟ. ನಿಂಬೆ ಚಿತ್ರಾನ್ನ, ಹುಳಿಯನ್ನ, ಕಾಯಿ ಅನ್ನ, ಮೊಸರನ್ನ, ಸಿಹಿ ಪೊಂಗಲ್. ನಮ್ಮಲ್ಲಿ ಈಗ ಆಟಿಯನ್ನು ಹಾಲ್‌ನಲ್ಲಿ ವೇದಿಕೆ ಹಾಕಿ ನೆನಪು ಮಾಡುತ್ತೇವೆ, ಅದೂ ಬೇಕು, ಮಕ್ಕಳಿಗೆ ಆ ಮೂಲಕವಾದರೂ ಪತ್ರೊಡೆ, ಮನೆ ಮನೆಗೆ ಬರುವ ಆಟಿ ಕಳೆಂಜ ವೇಷ ಗೊತ್ತಾಗುತ್ತದೆ. ಆದರೆ ವೇದಿಕೆ ಇಲ್ಲದೆ, ಮೈಕ್ ಇಲ್ಲದೆ, ಒಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಳೆಗೆ ಬರುವುದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಒಂದು ಎಚ್ಚರಿಕೆ. ಆಡಿಯಲ್ಲಿ ಕಾವೇರಿ ಸೆಳೆತ ಜೋರು. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಮೆಟ್ಟಿಲು ಪಾಚಿ ಹಿಡಿದು ಜಾರುತ್ತದೆ. ನಮ್ಮವರಿಗೆ ಕಡಲು, ಹೊಳೆ ಅಭ್ಯಾಸ ಉಂಟು ಅಂತ ಧೈರ್ಯ ಜಾಸ್ತಿ. ಈಜಲು ಇಳಿಯಬೇಡಿ. ಊರಿನವರು ನಿಲ್ಲುವ ಮೆಟ್ಟಿಲಿಗಿಂತ ಕೆಳಗೆ ಹೋಗಬೇಡಿ.

ಸುತ್ತ ನೋಡಲು ಬೇಕಾದಷ್ಟು ಇದೆ, ಎಲ್ಲ ಓಡಿ ಮುಗಿಸುವ ಹಟ ಮಾಡದಿದ್ದರೆ ಸಾಕು. ತಂಜಾವೂರಿನ ದೊಡ್ಡ ದೇವಸ್ಥಾನ ರಾಜರಾಜ ಚೋಳ 1010ರಲ್ಲಿ ಪೂರ್ತಿ ಮಾಡಿಸಿದ್ದು, ಅದಕ್ಕೆ ಒಂದು ಸಂಜೆ ಇಡಿ, ಮಧ್ಯಾಹ್ನ ಹೋದರೆ ಕಲ್ಲು ಕಾದು ಕಾಲು ಸುಡುತ್ತದೆ. ಸ್ವಾಮಿಮಲೆಯಲ್ಲಿ ಪಂಚಲೋಹದ ವಿಗ್ರಹ ಎರಕ ಹೊಯ್ಯುವವರ ಕೆಲಸದ ಮನೆಗಳಿವೆ. ಮೇಣದಲ್ಲಿ ಮೂರ್ತಿ ಮಾಡಿ, ಅದಕ್ಕೆ ಕಾವೇರಿಯ ಮೆಕ್ಕಲು ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಕಾರ್ಕಳದ ಕಲ್ಲಿನ ಶಿಲ್ಪಿಗಳ ಕೆಲಸ ನೋಡಿದವರಿಗೆ ಇದು ಇನ್ನೊಂದು ಲೋಕ. ದಾರಾಸುರದ ಐರಾವತೇಶ್ವರ ದೇವಸ್ಥಾನವನ್ನು ಮಾತ್ರ ಬಿಡಬೇಡಿ, ಸಣ್ಣದು, ಜನ ಕಡಿಮೆ, ಕೆತ್ತನೆ ಹತ್ತಿರದಿಂದ ನೋಡಬಹುದು.

ಅಮ್ಮನಿಗೆ ಕುಂಭಕೋಣಕ್ಕೆ ಹೋಗಬೇಕಿತ್ತು, ಮಾಧ್ವ ಯತಿ ವಿಜಯೀಂದ್ರ ತೀರ್ಥರ ವೃಂದಾವನ ಅಲ್ಲಿದೆ. ಮಂತ್ರಾಲಯದ ರಾಯರು ಈ ಸೀಮೆಯಲ್ಲೇ ಓದಿದವರು, 1621ರಲ್ಲಿ ತಂಜಾವೂರಿನಲ್ಲೇ ಸನ್ಯಾಸ ತೆಗೆದುಕೊಂಡವರು. ಉಡುಪಿಯಿಂದ ಅಂದ ಕೂಡಲೇ ಮಠದವರು ಕನ್ನಡದಲ್ಲಿ ಮಾತಾಡಿಸಿದರು, ಅಮ್ಮ ಅಷ್ಟು ದಿನದ ಕನ್ನಡವನ್ನೆಲ್ಲ ಅಲ್ಲಿ ಮಾತಾಡಿ ಮುಗಿಸಿದರು.

ನನಗೆ ಹೆಚ್ಚು ತಟ್ಟಿದ ಜಾಗ ತಿರುವಯ್ಯಾರಿನಲ್ಲಿರುವ ಸಂಗೀತದ ತ್ಯಾಗರಾಜರ ಸಮಾಧಿ. ಜನವರಿಯ ಆರಾಧನೆಗೆ ಸಾವಿರಾರು ಜನ ಸೇರುವ ಜಾಗ, ಆಟಿಯಲ್ಲಿ ಹೋದರೆ ನೀವು ಮತ್ತು ಹೊಳೆ ಮಾತ್ರ. ಆ ಗುಡಿ ಕಟ್ಟಿಸಿದ್ದು ಗಾಯಕಿ ಬೆಂಗಳೂರು ನಾಗರತ್ನಮ್ಮ, 1878ರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದವರು. ಪಾಳು ಬಿದ್ದ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಸಂಪಾದನೆಯ ಹಣ ಹಾಕಿ ಗುಡಿ ಕಟ್ಟಿಸಿದರು. ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಅಂದಾಗ ಹೆಂಗಸರನ್ನೇ ಕೂಡಿಸಿ ಬೇರೆ ಆರಾಧನೆ ನಡೆಸಿದರು. 1952ರಲ್ಲಿ ತೀರಿಕೊಂಡರು, ಅವರ ಸಮಾಧಿಯೂ ಅಲ್ಲೇ ಹತ್ತಿರ. ತ್ಯಾಗರಾಜರಿಗೆ ಕೈ ಮುಗಿದು ಹೊರಡುವ ನಮ್ಮವರು ದಯವಿಟ್ಟು ನಾಗರತ್ನಮ್ಮನವರ ಎದುರೂ ಒಂದು ನಿಮಿಷ ನಿಲ್ಲಿ.

ಸರಿ, ಕೊರತೆಗಳು. ಸೊಳ್ಳೆ ಜಾಸ್ತಿ, ಪರದೆ ಇದ್ದರೂ ಸಂಜೆ ಜಗಲಿಯಲ್ಲಿ ಕೂರುವಾಗ ಕಾಲಿಗೆ ಏನಾದರೂ ಹಚ್ಚಿಕೊಳ್ಳಿ. ಮಧ್ಯಾಹ್ನ ಸೆಕೆ ಕರಾವಳಿಯ ಹಾಗೆ ಅಂಟುವುದಿಲ್ಲ, ಆದರೆ ಸುಡುತ್ತದೆ. ಗಾಳಿ ವಿಪರೀತ, ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಅಂತ ಅವರಲ್ಲಿ ಗಾದೆಯೇ ಉಂಟು. ಒಣಹಾಕಿದ ಬಟ್ಟೆಗೆ ಕ್ಲಿಪ್ ಹಾಕಿ. ಆಡಿ ತಿಂಗಳಿಡೀ ಅಮ್ಮನವರ (ದೇವಿಯ) ಗುಡಿಯ ಸ್ಪೀಕರ್ ಬೆಳಗಿನ ಜಾವವೇ ಶುರುವಾಗುತ್ತದೆ, ನಿದ್ದೆ ಮುಖ್ಯ ಅನ್ನುವವರಿಗೆ ಇದು ದೊಡ್ಡ ತೊಂದರೆ, ಮನೆಯವರು ಏನೂ ಮಾಡುವ ಹಾಗಿಲ್ಲ. ಇಂಟರ್ನೆಟ್ ಜಗಲಿಯಲ್ಲಿ ಸಿಗುತ್ತದೆ, ಒಳಗೆ ಸಿಗುವುದಿಲ್ಲ. ಸಣ್ಣ ಮಕ್ಕಳಿದ್ದರೆ ತೊಟ್ಟಿಯ ಮೆಟ್ಟಿಲು, ಹಿತ್ತಿಲ ಬಾವಿ ಮೇಲೆ ಕಣ್ಣಿಡಬೇಕು.

ಒಂದು ವಿಷಯದಲ್ಲಿ ನನಗೆ ಚಿಂತೆ ಇದೆ, ಅವರ ಮಗನಿಗೂ ನೇರವಾಗಿ ಹೇಳಿದ್ದೇನೆ. ಆತ ತಿರುಚ್ಚಿಯಲ್ಲಿ ಕೆಲಸ ಮಾಡಿಕೊಂಡು ಬುಕಿಂಗ್ ನೋಡಿಕೊಳ್ಳುತ್ತಾನೆ, ಒಳ್ಳೆಯ ಹುಡುಗ. ಬರುವ ವರ್ಷದಿಂದ ಎತ್ತಿನಗಾಡಿ ಸವಾರಿ, ರಂಗೋಲಿ ಕ್ಲಾಸ್, ಅತಿಥಿಗಳಿಗೆ ನೇಜಿ ನೆಡಿಸಿ ಫೋಟೊ ತೆಗೆಯುವುದು, ಎಲ್ಲ ಸೇರಿಸಿ ಪ್ಯಾಕೇಜ್ ಮಾಡಬೇಕು ಅಂತಿದ್ದಾನೆ. ಆದಾಯ ಬೇಕು, ಅದು ನನಗೆ ಅರ್ಥವಾಗುತ್ತದೆ, ಹಳೇ ಮನೆಯ ಹೆಂಚು ಬದಲಿಸಲು ಎಷ್ಟು ಖರ್ಚು ಅಂತ ನಮಗೂ ಗೊತ್ತು. "ತಮ್ಮಾ, ಬೇಕಾದರೆ ದರ ಸ್ವಲ್ಪ ಏರಿಸು, ಆದರೆ ಅಪ್ಪ ಅಮ್ಮ ಈಗ ಹೇಗಿದ್ದಾರೋ ಹಾಗೇ ಇರಲಿ" ಅಂತ ಹೇಳಿ ಬಂದೆ. ಹೆಚ್ಚು ಕೊಡಲು ನಾನು ತಯಾರು. ನಾವು ಮೂವರಿಗೆ ಎರಡು ಕೋಣೆ, ಮೂರು ಹೊತ್ತು ಊಟ, ಕಾಫಿ ಎಲ್ಲ ಸೇರಿ ದಿನಕ್ಕೆ ಐದು ಸಾವಿರದ ಒಳಗೆ ಕೊಟ್ಟೆವು, ಮೀನಿಗೆ ಬೇರೆ. ಆ ಊಟಕ್ಕೆ, ಆ ಮನೆಗೆ ಇದು ಕಡಿಮೆಯೇ.

ಯಾರು ಹೋಗಬಹುದು? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಧಾರಾಳ ಹೋಗಿ. ಗದ್ದೆ ಬೇಸಾಯದ ಮೇಲೆ ಪ್ರೀತಿ ಇದ್ದವರು ಹೋಗಿ. ಸಂಗೀತ ಕಲಿಯುವವರು ಹೋಗಿ. ಹತ್ತು ಜನ ಗೆಳೆಯರು ಸೇರಿ ಗಮ್ಮತ್ತು ಮಾಡುವ ಯೋಚನೆ ಇದ್ದರೆ ಬೇರೆ ಜಾಗ ನೋಡಿ. ಮನೆಯೊಳಗೆ ಕುಡಿಯುವ ಹಾಗಿಲ್ಲ, ರಾತ್ರಿ ಒಂಬತ್ತಕ್ಕೆ ಊರು ಮಲಗುತ್ತದೆ.

ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಮಳೆ ಜೋರು, ದಸರಾ ರಜೆಯಲ್ಲಿ ಹೋಗುವವರು ಹವಾಮಾನ ನೋಡಿಕೊಳ್ಳಿ. ಸಾಂಬಾ ಕೊಯ್ಲು ನೋಡಬೇಕಾದರೆ ಜನವರಿ ಕೊನೆ ಅಥವಾ ಫೆಬ್ರವರಿ. ಪೊಂಗಲ್ ವಾರ ಕೋಣೆ ಕೊಡುವುದಿಲ್ಲ, ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲ ಮನೆಗೆ ಬರುತ್ತಾರೆ. ಆರಾಧನೆಯ ದಿನಗಳಿಗೆ ಸಂಗೀತದವರು ಮೊದಲೇ ಹೇಳಿಟ್ಟಿರುತ್ತಾರೆ, ಆಗ ಬೇಕಾದರೆ ನವರಾತ್ರಿಯ ಹೊತ್ತಿಗೇ ಫೋನ್ ಮಾಡಿ. ಹೋಗುವಾಗ ಒಂದು ಸಣ್ಣ ಚೀಲ ಕುಚ್ಚಲಕ್ಕಿ ತೆಗೆದುಕೊಂಡು ಹೋಗಿ, ಅಮ್ಮ ಮುಂದಿನ ಸಲಕ್ಕೆ ಅಂತ ಅವರಿಗೆ ಮಾತು ಕೊಟ್ಟು ಬಂದಿದ್ದಾರೆ, ನಮಗಿಂತ ಮೊದಲು ನೀವು ಹೋದರೆ ನಮ್ಮ ಲೆಕ್ಕದಲ್ಲಿ ಕೊಟ್ಟು ಬಿಡಿ.